ಅನು ಓದಿನ ವಿಷಯ, ಸುಧಾಗೆ

ಸುಧಾ, ಮನೆ ಗ್ರೂಪಿನಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡೋಕೆ ಕಣ್ಣು ಸರಿಯಿಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಉದ್ದ ಆದರೆ ಯಾರೂ ಬೈಕೋಬೇಡಿ. "ಅಣ್ಣಾ, ಅನು ಡಿಗ್ರಿಗೆ ಕ್ರಿಮಿನಾಲಜಿ ತಗೋತೀನಿ ಅಂತ ಹಟ ಹಿಡಿದಿದ್ದಾಳೆ, ಜೈಲಿಗೆಲ್ಲ ಕರ್ಕೊಂಡು ಹೋಗ್ತಾರಂತೆ, ನಂಗೆ ನಿದ್ದೆ ಇಲ್ಲ" ಅಂತ ಬರೆದಿದ್ದೀಯ. ಕ್ರಿಮಿನಾಲಜಿ ಅಂದರೆ ಅಪರಾಧ ಯಾಕೆ ಆಗುತ್ತೆ, ಕಾನೂನು, ಜೈಲು ಹೇಗೆ ನಡೆಯುತ್ತೆ ಅಂತ ಓದೋದು. ಜೈಲಿಗೆ ಹೌದು, ಕರೆದುಕೊಂಡು ಹೋಗುತ್ತಾರೆ. ಹೋಗಲಿ ಬಿಡು. ನಾನು 36 ವರ್ಷ ದಿನಾ ಜೈಲಿಗೆ ಹೋಗಿ ಬಂದಿಲ್ವಾ? ಕೈದಿಗಳಿಗೆ ಹೆದರಬೇಕಾಗಿಲ್ಲ. ಆದರೆ ಅನು, ನೀನೂ ಕೇಳಿಸಿಕೋ ಪುಟ್ಟಿ, ಒಂದೇ ಮಾತು. ಒಳಗಿನಿಂದ ಯಾರ ಚೀಟಿಯನ್ನೂ ಹೊರಗೆ ತರಬೇಡ. ಯಾರೇ ಕೊಡಲಿ, ಏನೇ ಅಳಲಿ.

ಇದನ್ನು ಯಾಕೆ ಹೇಳ್ತೀನಿ ಅಂದರೆ, 1984ರಲ್ಲಿ ನಾನು ಕೆಲಸಕ್ಕೆ ಸೇರಿ ಇನ್ನೂ ಒಂದೇ ವರ್ಷ ಆಗಿತ್ತು. ಸಹಾಯಕ ಜೈಲರ್, ವಯಸ್ಸು 25. ಯಾವ ಜೈಲು ಅಂತ ಹೇಳಲ್ಲ, ನಿಮಗೆಲ್ಲ ಗೊತ್ತೇ ಇದೆ. ಅಲ್ಲೊಬ್ಬ ಹುಡುಗ ಇದ್ದ. ಪಂಪ್‌ಸೆಟ್ ಮೋಟಾರ್ ಕದ್ದ ಕೇಸು. ಸಜಾ ಆದವನಲ್ಲ, ಅಂಡರ್‌ಟ್ರಯಲ್, ಅಂದರೆ ಕೇಸು ಇನ್ನೂ ನಡೆಯುತ್ತಿತ್ತು. ಜಾಮೀನಿಗೆ ನಿಲ್ಲುವವರು ಯಾರೂ ಇರಲಿಲ್ಲ. ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ಅವನಿಗೆ. ಒಂದು ದಿನ ಸಂಜೆ ಲಾಕಪ್ ಮಾಡುವ ಹೊತ್ತು, "ಸಾರ್, ಅವ್ವನಿಗೊಂದು ಕಾಗದ, ಆಫೀಸಿಗೆ ಕೊಟ್ಟರೆ ಓದಿ ಕಳಿಸೋಕೆ ವಾರ ಹಿಡಿಯುತ್ತೆ" ಅಂದ. ನಾಲ್ಕಾಗಿ ಮಡಿಸಿದ ಚೀಟಿ. ಅಂಗಿ ಜೇಬಿಗೆ ಹಾಕಿಕೊಂಡೆ. ಗೇಟಿನಲ್ಲಿ ನಮ್ಮ ಜೇಬು ಯಾರು ನೋಡುತ್ತಾರೆ? ಅಷ್ಟೇ ಅಲ್ಲ, ಅವನಿಗೆ ವಿಳಾಸ ಬರೆಯೋಕೆ ಬರಲ್ಲ ಅಂತ ಕವರ್ ತಂದು ನಾನೇ ದುಂಡು ದುಂಡು ಅಕ್ಷರದಲ್ಲಿ ಬರೆದೆ. ಅಪ್ಪ ತಿದ್ದಿಸಿದ ಅಕ್ಷರ!

ಚೀಟಿಯಲ್ಲಿ ಮೇಲಿನ ಆರು ಸಾಲು ಅವ್ವನಿಗೇ ಇತ್ತು. ಕೆಳಗಿನ ಎರಡು ಸಾಲು, ಪಕ್ಕದ ಮನೆಯವನಿಗೆ ಸೋಮವಾರ ಸಾಕ್ಷಿ ಹೇಳೋಕೆ ಹೋಗಬೇಡ ಅಂತ ಹೇಳು ಅಂತ. ಆ ಮುದುಕಿಗೆ ಓದೋಕೆ ಬರಲ್ಲ. ಓದಿಸಿಕೊಳ್ಳೋಕೆ ಅಂತ ನೆಟ್ಟಗೆ ಆ ಪಕ್ಕದ ಮನೆಯವನ ಹತ್ತಿರವೇ ಹೋದಳು. ಅವನು ಕವರ್ ಸಮೇತ ಕೋರ್ಟಿಗೆ ತಂದುಕೊಟ್ಟ. ಕವರ್ ಮೇಲೆ ನನ್ನ ಅಕ್ಷರ. ಇನ್ನೇನು ಬೇಕು?

ಸಸ್ಪೆನ್ಷನ್, ಇಲಾಖಾ ವಿಚಾರಣೆ, ಕೊನೆಗೆ ಎರಡು ಇನ್‌ಕ್ರಿಮೆಂಟ್ ಶಾಶ್ವತ ಕಡಿತ. ಶಾಶ್ವತ ಅಂದರೆ ಈಗಿನ ಪೆನ್ಷನ್‌ನಲ್ಲೂ ಅದು ಕಾಣುತ್ತದೆ, ಪ್ರತಿ ತಿಂಗಳು. ಇಷ್ಟಾದರೂ ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ ನೋಡು. ಅವನು ಎರಡು ವರ್ಷಕ್ಕೂ ಹೆಚ್ಚು ಒಳಗೆ ಕೂತಿದ್ದ, ಆಮೇಲೆ ಖುಲಾಸೆ ಆಯಿತು. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು ಅಂತ 1958ರಿಂದ ಕಾನೂನೇ ಇದೆ, ಪ್ರೊಬೇಷನ್ ಅಂತಾರೆ. ಆದರೆ ಕೇಸು ಮುಗಿಯಬೇಕಲ್ಲ! ಈಗಲೂ ಅದೇ ಕಥೆ. 2022ರ ಲೆಕ್ಕ ಪೇಪರಿನಲ್ಲಿ ಓದಿದ್ದೆ, ದೇಶದ ಜೈಲುಗಳಲ್ಲಿ 5,73,220 ಜನ, ಅದರಲ್ಲಿ 4,34,302 ಜನ ಅಂಡರ್‌ಟ್ರಯಲ್. ನಾಲ್ಕರಲ್ಲಿ ಮೂರು ಜನಕ್ಕೆ ಇನ್ನೂ ತೀರ್ಪೇ ಬಂದಿಲ್ಲ. 2024ರಲ್ಲಿ ಬಂದ ಹೊಸ ಕಾನೂನಿನಲ್ಲಿ, ಮೊದಲ ಸಲ ಸಿಕ್ಕಿಬಿದ್ದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಭಾಗ ಒಳಗೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಕೊಲೆಯಂಥ ಕೇಸಿಗೆ ಇಲ್ಲ, ಮೈಮೇಲೆ ಬೇರೆ ಕೇಸು ಇದ್ದವರಿಗೂ ಇಲ್ಲ. ಅನು ಓದೋದು ಇಂಥದ್ದನ್ನೇ ಸುಧಾ. ಕೊಲೆಗಾರರ ಕಥೆ ಅಲ್ಲ.

ನನ್ನನ್ನು ವೆಲ್ಲೂರಿಗೆ ಟ್ರೇನಿಂಗ್‌ಗೆ ಕಳಿಸಿದ್ದು ಇದೆಲ್ಲ ಆದ ಮೇಲೆ. ಜೈಲು ಅಧಿಕಾರಿಗಳಿಗೆ ಅಂತಲೇ 1979ರಲ್ಲಿ ಶುರುವಾದ ಅಕಾಡೆಮಿ ಇದೆ ಅಲ್ಲಿ. ಮುಂಚೆಯೇ ಕಳಿಸಿದ್ದರೆ ನನ್ನ ಎರಡು ಇನ್‌ಕ್ರಿಮೆಂಟ್ ಉಳಿಯುತ್ತಿತ್ತು. ಅದಕ್ಕೇ ಅನು, ಇನ್ನೊಂದು ಸಲ ಹೇಳ್ತೀನಿ, ಚೀಟಿ ತರಬೇಡ. ಫೋನ್ ನಂಬರ್ ಬರೆದುಕೊಂಡು ಬರಬೇಡ. "ನಮ್ಮನೆಗೆ ಒಂದು ಮಾತು ಹೇಳಿಬಿಡಿ ಮೇಡಂ" ಅಂದರೆ ಅದನ್ನೂ ತರಬೇಡ, ಅಲ್ಲಿನ ವೆಲ್ಫೇರ್ ಆಫೀಸರ್ ಹತ್ತಿರ ಹೇಳು.

ತಡಿ, ಬಾಗಿಲಲ್ಲಿ ಯಾರೋ... ಪೇಪರಿನವನು. ಹಾಂ.

ಆ ಸಸ್ಪೆನ್ಷನ್ ಆಗಿದ್ದಾಗ ಊರಿಗೆ ಬಂದಿದ್ದೆನಲ್ಲ, ದೊಡ್ಡ ಬಾವ ಮದುವೆ ಮನೆಯಲ್ಲಿ ಹುಡುಗನ ಕಡೆಯವರಿಗೆ ನನ್ನ ಪರಿಚಯ ಹೇಗೆ ಮಾಡಿದ್ರು ನೆನಪಿದೆಯಾ? "ಇವರು ಈಗ ತಾನೇ ಜೈಲಿನಿಂದ ಬಂದಿದ್ದಾರೆ." ಎಲ್ಲರೂ ನಕ್ಕರು. ನೀನೂ ನಕ್ಕೆ ಸುಧಾ. ಹೋಗಲಿ, ಈಗ ಅದೆಲ್ಲ ಯಾಕೆ. ಆದರೆ ಕ್ವಾರ್ಟರ್ಸ್‌ಗೆ ಒಬ್ಬರಾದರೂ ಬಂದು ಒಂದು ರಾತ್ರಿ ಉಳಿದಿರಾ? ಅಮ್ಮ ಒಬ್ಬಳೇ ಬರುತ್ತಿದ್ದಳು, ಗೌರಿ ಹಬ್ಬಕ್ಕೆ. ಗೋಡೆ ಪಕ್ಕ ಮನೆ ಅಂತ ಮಕ್ಕಳನ್ನೂ ಕಳಿಸಲಿಲ್ಲ. ಹಬ್ಬಕ್ಕೆ ಊರಿಗೆ ಬರಲ್ಲ ಅಂತ ದೂರು ಬೇರೆ. ಹಬ್ಬದ ದಿನವೇ ಅಲ್ವಾ ಒಳಗೆ ಗಲಾಟೆ ಜಾಸ್ತಿ, ರಜೆ ಯಾರು ಕೊಡುತ್ತಾರೆ? ಈಗ ಅದೇ ಗೋಡೆ ಒಳಗೆ ಏನಿದೆ ಅಂತ ಓದೋಕೆ ನಮ್ಮನೆ ಮಗು ಹೊರಟಿದೆ, ನನಗೆ ಎಷ್ಟು ಖುಷಿ ಆಯಿತು ಗೊತ್ತಾ. ನೀನು ನೋಡಿದರೆ ನಿದ್ದೆ ಇಲ್ಲ ಅಂತೀಯ.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ. ಅನು ಪಿಯುಸಿ ಆರ್ಟ್ಸ್ ಅಲ್ವಾ? ಕ್ರಿಮಿನಾಲಜಿ ಬೇರೆ, ಫೊರೆನ್ಸಿಕ್ ಸೈನ್ಸ್ ಬೇರೆ. ರಕ್ತ, ವಿಷ, ಲ್ಯಾಬು ಅಂದರೆ ಫೊರೆನ್ಸಿಕ್, ಅದಕ್ಕೆ ಪಿಯುಸಿ ಸೈನ್ಸ್ ಕೇಳುತ್ತಾರೆ. ಎಷ್ಟೋ ಕಡೆ ಎರಡೂ ಒಂದೇ ವಿಭಾಗದಲ್ಲಿ ಇರುತ್ತವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ವಿಭಾಗದ ಹೆಸರು ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ಅಂತಲೇ. ಬೋರ್ಡ್ ನೋಡಿ ದುಡ್ಡು ಕಟ್ಟಬೇಡಿ. ಆರ್ಟ್ಸ್‌ನವರಿಗೆ ಸೀಟು ಇದೆಯಾ, ಜೊತೆಗೆ ಸೋಷಿಯಾಲಜಿ ಅಥವಾ ಸೈಕಾಲಜಿ ಸಿಗುತ್ತಾ, ಕಾಲೇಜಿಗೇ ಹೋಗಿ ಕೇಳಿ. ಮೂರು ವರ್ಷ ಆದ ಮೇಲೆ ಬೇಕಾದರೆ ಮುಂಬೈಯ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸೋಷಿಯಲ್ ವರ್ಕ್ ಎಂಎ ಇದೆ, ಅದರಲ್ಲೇ ಕ್ರಿಮಿನಾಲಜಿ. ಡಿಗ್ರಿ ಮುಗಿಸಿದ ತಕ್ಷಣ ಜೈಲು ಇಲಾಖೆಯಲ್ಲಿ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪರೀಕ್ಷೆ ಬರೆಯಬೇಕು, ಓಡಬೇಕು, ಎತ್ತರ ಅಳೆಯುತ್ತಾರೆ.

ಅಪ್ಲಿಕೇಶನ್ ಫಾರ್ಮ್ ಫೋಟೋ ತೆಗೆದು ಇಲ್ಲಿಗೇ ಹಾಕು ಸುಧಾ, ತುಂಬೋಕೆ ಮುಂಚೆ ನಾನೊಂದು ಸಲ ನೋಡುತ್ತೇನೆ. ವಿಳಾಸ ಮಾತ್ರ ಅನುನೇ ಬರೆಯಲಿ.