22 ದಿನದ ನಡಿಗೆ, 17 ಕೆಜಿ ಬ್ಯಾಗ್: ಏನು ತೆಗೆಯಲಿ? ಅನುಭವ ಇದ್ದವರು ಹೇಳಿ

ಹೊಸಹೆಜ್ಜೆ: ಮುಂದಿನ ತಿಂಗಳು 22 ದಿನದ ನಡಿಗೆಗೆ ಒಬ್ಬಳೇ ಹೊರಟಿದ್ದೇನೆ. ಎರಡು ಮೂರು ದಿನದ ಚಾರಣ ಸಾಕಷ್ಟು ಆಗಿದೆ, ಇಷ್ಟು ಉದ್ದದ್ದು ಇದೇ ಮೊದಲು. ಊಟದ ಸಾಮಾನು 5 ದಿನಕ್ಕೊಮ್ಮೆ ಸಿಗುತ್ತೆ. ನಿನ್ನೆ ಎಲ್ಲ ತುಂಬಿ ತೂಗಿದರೆ 17 ಕೆಜಿ. ನನ್ನ ತೂಕವೇ 54. ಎಡಮಂಡಿಗೆ ಎರಡು ವರ್ಷದ ಹಿಂದೆ ಆಪರೇಷನ್ ಆಗಿದೆ, ಇಳಿಯುವಾಗ ನೋಯುತ್ತೆ. ಏನು ಕಡಿಮೆ ಮಾಡಲಿ? ಬೂಟೋ, ಓಡುವ ಶೂಸೋ?

ತಕ್ಕಡಿ: ನಾನು ಅಡುಗೆಮನೆ ತಕ್ಕಡಿ ಮುಂದೆ ಎರಡು ತಿಂಗಳು ಕೂತವನು. ಊಟ, ನೀರು, ಗ್ಯಾಸ್ ಬಿಟ್ಟು ಮೊದಲ ಸಲ 11.4 ಕೆಜಿ ಇತ್ತು, ಈಗ 5.8. ಟೆಂಟ್ 2,300 ಗ್ರಾಂ ಇತ್ತು, ಈಗ ಟಾರ್ಪ್ (ತಲೆ ಮೇಲೆ ಕಟ್ಟೋ ಬರೀ ಹಾಳೆ, ಸುತ್ತ ಗೋಡೆ ಇರಲ್ಲ), 480. ಬ್ಯಾಗ್ ಖಾಲಿಯಿದ್ದಾಗಲೇ 2,150 ತೂಗ್ತಿತ್ತು, ಅದು 790ಕ್ಕೆ ಇಳೀತು. ಸ್ಲೀಪಿಂಗ್ ಬ್ಯಾಗ್ ಹೋಗಿ ಗರಿಯ ಕ್ವಿಲ್ಟ್ (ಹಕ್ಕಿಯ ಮೆತ್ತನೆ ಗರಿ ತುಂಬಿದ ಹೊದಿಕೆ), 610. ಬ್ರಷ್ಷಿನ ಹಿಡಿ ಕತ್ತರಿಸಿ 6 ಗ್ರಾಂ ಉಳಿಸಿದೆ, ನಗೋರು ನಗಲಿ. ಒಂದೇ ಒಂದು ಕಡೆ ಕೈ ಸುಟ್ಟುಕೊಂಡೆ: ಮಲಗೋ ಮ್ಯಾಟನ್ನು ಸೊಂಟದವರೆಗೆ ಮಾತ್ರ ಬಿಟ್ಟು ಕತ್ತರಿಸಿದ್ದೆ. ಮೈ ಕೆಳಗೆ ಅದುಮಿದ ಗರಿ ಬಿಸಿ ಹಿಡಿಯಲ್ಲ, ನೆಲದ ಥಂಡಿಗೆ ತಡೆ ಅಂದ್ರೆ ಮ್ಯಾಟ್ ಒಂದೇ. ಮೂರು ರಾತ್ರಿ ಕಾಲು ಸೆಟೆದು ಕೂತೇ ಕಳೆದೆ. ಆಮೇಲೆ 370 ಗ್ರಾಮಿನ ಗಾಳಿ ಮ್ಯಾಟ್ ಕೊಂಡೆ, ಅದೂ ಸೇರಿಯೇ ಈ 5.8.

ಹಳೇಬೂಟು: ಟಾರ್ಪ್ ಭಕ್ತರು ಬಂದೇ ಬರ್ತಾರೆ ಅಂತ ಗೊತ್ತಿತ್ತು. ನಾನೂ ಒಂದು ಕಾಲಕ್ಕೆ ಅದೇ ಮಠದಲ್ಲಿದ್ದೆ. 9ನೇ ರಾತ್ರಿ ಎರಡು ಗಂಟೆಗೆ ಗಾಳಿ ದಿಕ್ಕು ತಿರುಗಿತು. ಮಳೆ ಮೇಲಿಂದಲ್ಲ, ಪಕ್ಕದಿಂದ ಬಂತು. ಬೆಳಿಗ್ಗೆ ನೋಡಿದರೆ ಕ್ವಿಲ್ಟಿನ ಗರಿಯೆಲ್ಲ ಮೂಲೆಗೆ ಸೇರಿ ಒದ್ದೆ ಹತ್ತಿಯ ಉಂಡೆ ಥರ ಕೂತಿತ್ತು, ಮಧ್ಯ ಬರೀ ಎರಡು ಪದರ ಬಟ್ಟೆ. ಕೈಬೆರಳು ಜಿಪ್ ಎಳೆಯೋಕೂ ಬಗ್ಗಲಿಲ್ಲ. ಅವತ್ತೇ 27 ಕಿ.ಮೀ. ನಡೆದು ರಸ್ತೆ ಸೇರಿದೆ, ನಡಿಗೆ ಅಲ್ಲಿಗೇ ಮುಗೀತು. ಆರು ತಿಂಗಳ ತಯಾರಿ ನೀರುಪಾಲು. ಈಗ ಎರಡು ಕೆಜಿ ಟೆಂಟ್, ಸಿಂಥೆಟಿಕ್ ಸ್ಲೀಪಿಂಗ್ ಬ್ಯಾಗ್, ಚರ್ಮದ ಬೂಟು. ಹೊರೆ ಇರಲಿ ಬಿಡಿ, ನಿದ್ದೆ ಬರುತ್ತೆ.

ತಕ್ಕಡಿ: ಗರಿಯನ್ನ ಒಳಗಡೆ ಪ್ಲಾಸ್ಟಿಕ್ ಚೀಲ ಹಾಕದೆ ಒಯ್ದಿದ್ದು ಟಾರ್ಪಿನ ತಪ್ಪಾ?

ಹಳೇಬೂಟು: ಹೊದ್ದು ಮಲಗಿದ್ದನ್ನ ಯಾವ ಚೀಲಕ್ಕೆ ಹಾಕ್ಲಿ ಸ್ವಾಮಿ?

ಆರುಗುರು: ಬೂಟು ಅಂದ್ರಲ್ಲ, ನನ್ನ ಕಥೆ ಕೇಳಿ. ಆರು ಉಗುರು ಹೋಗಿದೆ, ಹೆಸರು ಸುಮ್ನೆ ಇಟ್ಕೊಂಡಿಲ್ಲ. ನೀರು ಹೋಗಲ್ಲ ಅನ್ನೋ ಬೂಟು ಕೊಂಡೆ. ಹೊಳೆ ದಾಟುವಾಗ ಮೇಲಿನ ಬಾಯಿಂದ ನೀರು ಹೋಯ್ತು, ಹೋದದ್ದು ವಾಪಸ್ ಬರಲಿಲ್ಲ. ಮೂರು ದಿನ ಒಣಗಲಿಲ್ಲ, ಪಾದ ಬೆಳ್ಳಗೆ ಸುಕ್ಕಾಗಿ ಚರ್ಮ ಕೈಗೆ ಬರ್ತಿತ್ತು. ನಾಲ್ಕನೇ ದಿನ ಹಿಮ್ಮಡಿ ಬಿಸಿ ಅನ್ನಿಸ್ತು. ಮುಂದಿನ ತಿರುವಲ್ಲಿ ಟೇಪ್ ಹಾಕೋಣ ಅಂದುಕೊಂಡೆ, ಆ ತಿರುವು ಬರೋಷ್ಟರಲ್ಲಿ ನಾಣ್ಯದಗಲ ಬೊಬ್ಬೆ. ಅದರ ಮೇಲೇ ಟೇಪ್ ಅಂಟಿಸಿದೆ, ರಾತ್ರಿ ಕಿತ್ತಾಗ ಚರ್ಮವೂ ಜೊತೆಗೇ ಬಂತು. ಇಳಿಜಾರಲ್ಲಿ ಬೆರಳು ಮುಂದಕ್ಕೆ ಬಡಿದು ಉಗುರೆಲ್ಲ ಕಪ್ಪು. ದಿನಗಟ್ಟಲೆ ನಡೆದರೆ ಪಾದ ಊದಿ ದೊಡ್ಡದಾಗುತ್ತೆ, ಇದನ್ನ ಅಂಗಡೀಲಿ ಯಾರೂ ಹೇಳಲ್ಲ. ಈಗ ಒಂದು ಸೈಜ್ ದೊಡ್ಡ ಓಡುವ ಶೂಸು. ಒದ್ದೆಯಾದ್ರೆ ನಡೀತಾ ನಡೀತಾ ಒಣಗುತ್ತೆ.

ಹಳೇಬೂಟು: ಸೈಜ್ ತಪ್ಪು ನಿಮ್ಮದು, ಬೈಗುಳ ಬೂಟಿಗೆ.

ಆರುಗುರು: ನಿಮ್ಮ ಪಾದ ಕಬ್ಬಿಣದ್ದಿರಬೇಕು, ಅಭಿನಂದನೆ.

ಹೊಳೆನೀರು: ಶೂಸು ಬೂಟು ಎಲ್ಲ ಬಿಡಿ, ನೀರಿನ ಬಗ್ಗೆ ಯಾರಾದ್ರೂ ಹೇಳಿ. ಒಂದು ಲೀಟರ್ ಅಂದ್ರೆ ಒಂದು ಕೆಜಿ. ಹೊಳೆ ಪಕ್ಕಾನೇ ನಡೀತಾ ಮೂರು ಲೀಟರ್ ಹೊತ್ತ ಜಾಣ ನಾನು. ಆಮೇಲೆ ಫಿಲ್ಟರ್ ತಗೊಂಡೆ, ಒಳಗೆ ಸಣ್ಣ ಕೊಳವೆ ಇರೋದು. ಒಂದು ರಾತ್ರಿ ಟೆಂಟಿನ ಹೊರಗೆ ಬಿಟ್ಟೆ, ನೀರು ಹೆಪ್ಪುಗಟ್ಟಿತು. ಬೆಳಿಗ್ಗೆ ಕರಗಿ ಎಂದಿನ ಹಾಗೇ ನೀರು ಬಂತು, ಕುಡಿದೆ. ಒಳಗಿನ ಕೊಳವೆ ಸೀಳಿರುತ್ತೆ, ಹೊರಗೆ ಗೊತ್ತೇ ಆಗಲ್ಲ. ಹತ್ತು ದಿನದ ಮೇಲೆ ಹೊಟ್ಟೆ ಶುರುವಾಯ್ತು. ಐದು ದಿನ ಟೆಂಟಿಂದ ಪೊದೆಗೆ, ಪೊದೆಯಿಂದ ಟೆಂಟಿಗೆ. ನಾಲ್ಕು ಕೆಜಿ ಇಳಿದೆ. ಈಗ ಫಿಲ್ಟರ್ ನನ್ನ ಜೊತೆ ಸ್ಲೀಪಿಂಗ್ ಬ್ಯಾಗಲ್ಲೇ ಮಲಗುತ್ತೆ.

ತಕ್ಕಡಿ: 12 ವರ್ಷದಿಂದ ಹೊಳೆಗೆ ಬಾಯಿ ಹಾಕಿ ಕುಡೀತಿದೀನಿ. ಫಿಲ್ಟರ್ ತೂಕ ಸೊನ್ನೆ. ಏನೂ ಆಗಿಲ್ಲ.

ಹೊಳೆನೀರು: ಜಿಯಾರ್ಡಿಯಾ, ಅಂದ್ರೆ ಕೊಳಕು ನೀರಿಂದ ಹೊಟ್ಟೆ ಕೆಡಿಸೋ ರೋಗಾಣು, ಕಾಣಿಸಿಕೊಳ್ಳೋಕೆ ಒಂದೆರಡು ವಾರ ಹಿಡಿಯುತ್ತೆ. ಅಷ್ಟೊತ್ತಿಗೆ ನೀವು ಮನೇಲಿರ್ತೀರ, ಹೋಟೆಲ್ ಊಟದ ಮೇಲೆ ಹಾಕ್ತೀರ. ಹೊಸಬರ ಮುಂದೆ ಇಂಥದ್ದು ಬರೀಬೇಡಿ.

ತಕ್ಕಡಿ: ನನ್ನ ಅನುಭವ ಬರೆಯೋಕೆ ನಿಮ್ಮ ಪರ್ಮಿಷನ್ ಬೇಕಾ?

ಆರುಗುರು: ಮಾತ್ರೆ ಒಯ್ಯಿ ಅಂತಾನೂ ಬರ್ತಾರೆ ನೋಡ್ತಿರಿ. ನೀರಿಗೆ ಹಾಕೋ ಕ್ಲೋರಿನ್ ಮಾತ್ರೆಗೆ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಇನ್ನೊಂದು ರೋಗಾಣು ಜಗ್ಗಲ್ಲ, ಕುದಿಸಿದ್ರೆ ಸಾಯುತ್ತೆ.

ತಕ್ಕಡಿ: ಕುದಿಸೋಕೆ ಗ್ಯಾಸ್ ಯಾರು ಹೊರ್ತಾರೆ?

ಹೊಸಹೆಜ್ಜೆ: ಎಲ್ಲರಿಗೂ ಥ್ಯಾಂಕ್ಸ್. ಮಂಡಿ ಬಗ್ಗೆ?

ಹೊಳೆನೀರು: ಸಾರಿ, ನಮ್ಮ ಜಗಳದಲ್ಲಿ ಮರೆತೇ ಹೋಯ್ತು. 54ಕ್ಕೆ 17 ಅಂದ್ರೆ ಮೂರರಲ್ಲಿ ಒಂದು ಪಾಲು ಹತ್ರ. ಐದರಲ್ಲಿ ಒಂದು, 11 ಕೆಜಿ ಒಳಗೆ ಇಳಿಸಿ. ಮೊದಲು ಆಪರೇಷನ್ ಮಾಡಿದ ಡಾಕ್ಟರ್ ಹತ್ರ ಕೇಳಿ. ಎರಡು ವಾಕಿಂಗ್ ಪೋಲ್ ಖಂಡಿತ ಬೇಕು, ಇಳಿಯುವಾಗ ಸ್ವಲ್ಪ ಉದ್ದ ಮಾಡ್ಕೊಳ್ಳಿ. ಹೊರಡೋ ಮುಂಚೆ ಪೂರ್ತಿ ಬ್ಯಾಗ್ ಹೊತ್ತು ಇಳಿಜಾರಲ್ಲಿ ಎರಡು ದಿನ ಬೆನ್ನುಬೆನ್ನಿಗೆ ನಡೆದು ನೋಡಿ. ಎರಡನೇ ದಿನ ಬೆಳಿಗ್ಗೆ ಮಂಡಿಯೇ ಹೇಳುತ್ತೆ.

ತಕ್ಕಡಿ: ಪೋಲ್ ಒಯ್ದ ಮೇಲೆ ಟೆಂಟ್ ಯಾಕೆ? ಆ ಪೋಲೇ ನನ್ನ ಟಾರ್ಪಿಗೆ ಕಂಬ.

ಹಳೇಬೂಟು: ಗಾಳಿಗೆ ಅದು ಮುರಿದ್ರೆ?

ತಕ್ಕಡಿ: ಇವತ್ತಿನವರೆಗೆ ಮುರಿದಿಲ್ಲ.

ಹಳೇಬೂಟು: ಬಾಗಿದೆ, ನೆಟ್ಟಗೆ ಮಾಡೋದು ಹೇಗೆ ಅಂತ ಹೋದ ವರ್ಷ ಇಲ್ಲೇ ಕೇಳಿದ್ರಿ.