ಸ್ಪೆಕ್ಟ್ರಮ್ ಪೆಟ್ಟಿಗೆಯೊಳಗೆ ರಾಸ್ಪ್‌ಬೆರಿ ಪೈ: ಕೀಬೋರ್ಡಿನ ನಡುವಿನ ಎಂಟು ಕೀ ಕೆಲಸ ಮಾಡ್ತಿಲ್ಲ

ಮೆಣಸುಬಳ್ಳಿ, ಸುಂಟಿಕೊಪ್ಪ:

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ 1984ರಲ್ಲಿ ಇಂಗ್ಲೆಂಡಿನಿಂದ ಬರುವಾಗ ಒಂದು ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ತಂದಿದ್ದರು. 48ಕೆ, ರಬ್ಬರ್ ಕೀ ಇರುವುದು, ಮೂಲೆಯಲ್ಲಿ ಕಾಮನಬಿಲ್ಲಿನ ಪಟ್ಟಿ. ನಾನು ಮೊದಲು ನೋಡಿದ ಕಂಪ್ಯೂಟರ್ ಅದೇ. ದೊಡ್ಡಪ್ಪ ತೀರಿಕೊಂಡ ಮೇಲೆ ಅಟ್ಟ ಸೇರಿತ್ತು. ಹೋದ ವರ್ಷ ಇಳಿಸಿ, ಮನೆಯಲ್ಲಿದ್ದ ಒಂದು 9 ವೋಲ್ಟ್ ಅಡಾಪ್ಟರ್ ಚುಚ್ಚಿದೆ. ಪಿನ್ ಸರಿಯಾಗಿ ಕೂತಿತು. ಆದರೆ ಸ್ಪೆಕ್ಟ್ರಮ್‌ಗೆ ನಡುವಿನ ಪಿನ್ ಮೈನಸ್ ಆಗಿರಬೇಕು, ನನ್ನದು ಪ್ಲಸ್. ಸುಟ್ಟ ವಾಸನೆ ಬಂತು, ಬೋರ್ಡ್ ಹೋಯಿತು. ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಈಗ ಬೋರ್ಡ್ ತೆಗೆದು ಒಳಗೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಹಾಕಿದ್ದೇನೆ. ಅದರಲ್ಲಿ ಫ್ಯೂಸ್ ಎಮ್ಯುಲೇಟರ್, ಅಂದರೆ ಸ್ಪೆಕ್ಟ್ರಮ್ ಥರವೇ ನಡೆದುಕೊಳ್ಳುವ ಪ್ರೋಗ್ರಾಂ, ಚೆನ್ನಾಗಿ ಓಡುತ್ತಿದೆ. ಕೀಗಳ ಕೆಳಗಿನ ಮೆಂಬ್ರೇನ್ (ಗೆರೆ ಎಳೆದ ಪ್ಲಾಸ್ಟಿಕ್ ಹಾಳೆ) ಓದಲು ಪಿಕೊ ಅನ್ನುವ ಒಂದು ಸಣ್ಣ ಬೋರ್ಡ್ ಇದೆ, ಅದು ಯುಎಸ್‌ಬಿ ಕೀಬೋರ್ಡ್ ಥರ ಪೈಗೆ ಸೇರುತ್ತದೆ. ಮೆಂಬ್ರೇನಿನಿಂದ ಎರಡು ಬಾಲ ಬರುತ್ತವಲ್ಲ, 8 ಗೆರೆಯದ್ದೊಂದು 5 ಗೆರೆಯದ್ದೊಂದು, ಎರಡನ್ನೂ ಜಂಪರ್ ವೈರಿನಲ್ಲಿ ಪಿಕೊಗೆ ಕೊಟ್ಟಿದ್ದೇನೆ.

ಸಮಸ್ಯೆ ಏನೆಂದರೆ ಕೀಬೋರ್ಡಿನ ನಡುವಿನ ಎಂಟು ಕೀ ಸತ್ತಿವೆ. 5, 6, ಟಿ, ವೈ, ಜಿ, ಎಚ್, ವಿ, ಬಿ. ಮೇಲಿಂದ ಕೆಳಗೆ ಸರಿಯಾಗಿ ನಡುಭಾಗ. ಅಟ್ಟದಲ್ಲಿ ಹೆಂಚಿನ ಸಂದಿಯಿಂದ ನೀರು ಬಿದ್ದು ಅಷ್ಟು ಜಾಗ ಹಾಳಾಗಿದೆ ಅಂತ ನನ್ನ ಲೆಕ್ಕ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ನೋಡಿದರೆ ಕೆಲಸ ಮಾಡುವ ಕೀ ಒತ್ತಿದರೂ ಬೀಪ್ ಬರುವುದಿಲ್ಲ. ಒಂದು ಕಡೆ ಸೋಲ್ಡರ್ ಮಾಡಲು ಹೋದೆ, ಪ್ಲಾಸ್ಟಿಕ್ ಮುದುಡಿಕೊಂಡಿತು, ಅಲ್ಲಿಗೇ ನಿಲ್ಲಿಸಿದೆ. ಹೊಸ ಮೆಂಬ್ರೇನ್ ತರಿಸಲೇಬೇಕಾ?

ಹಳೇಪೆಟ್ಟಿಗೆ, ಮಡಿಕೇರಿ:

ಸೋಲ್ಡರ್ ಕಡ್ಡಿ ಕೆಳಗಿಡಿ ಮಾರಾಯ್ರೇ, ಮೆಂಬ್ರೇನಿಗೆ ಅದು ತಾಗಲೇಬಾರದು. ಅದು ತಾಮ್ರ ಅಲ್ಲ, ಪ್ಲಾಸ್ಟಿಕ್ ಹಾಳೆ ಮೇಲೆ ಬಳಿದ ಶಾಯಿ. ಹಾಗಾಗಿಯೇ ಬೀಪ್ ಬರುವುದಿಲ್ಲ. ಶಾಯಿಯ ಗೆರೆಗೆ ರೆಸಿಸ್ಟೆನ್ಸ್ ಜಾಸ್ತಿ, ಮೀಟರಿನ ಬೀಪ್ ಬಹಳ ಕಡಿಮೆ ಓಮ್ ಇದ್ದರೆ ಮಾತ್ರ ಕೂಗುತ್ತದೆ. ಓಮ್ ರೇಂಜಿಗೆ ಇಟ್ಟು ಅಳೆಯಿರಿ.

ಹೊಸದು ಈಗಲೂ ತಯಾರಾಗುತ್ತದೆ, ಸಿಗುತ್ತದೆ. ಆದರೆ ನಿಮಗೆ ಬೇಕಾಗಲಿಕ್ಕಿಲ್ಲ. ನೀವು ಬರೆದ ಎಂಟು ಕೀಯನ್ನೇ ನೋಡಿ. ಸ್ಪೆಕ್ಟ್ರಮ್‌ನಲ್ಲಿ 40 ಕೀ ಇದ್ದರೂ 40 ತಂತಿ ಇಲ್ಲ. ನಾಲ್ಕು ಸಾಲು, ಪ್ರತಿ ಸಾಲನ್ನೂ ನಡುವೆ ಎರಡು ಭಾಗ ಮಾಡಿದ್ದಾರೆ, ಆಗ 8 ಅರ್ಧ ಸಾಲು. ಒಂದೊಂದರಲ್ಲಿ 5 ಕೀ. ಎಡಗಡೆಯಾದರೂ ಬಲಗಡೆಯಾದರೂ ಹೊರಗಿನ ಅಂಚಿನಿಂದ ಒಳಕ್ಕೆ ಎಣಿಸಿಕೊಂಡು ಬನ್ನಿ: ಒಂದನೆಯ ಕೀಗಳಿಗೆಲ್ಲ ಒಂದು ಗೆರೆ, ಎರಡನೆಯವಕ್ಕೆ ಇನ್ನೊಂದು. ಹೀಗೆ ಐದನೆಯದಕ್ಕೆ ಬಂದರೆ ಎಡಗಡೆ 5, ಟಿ, ಜಿ, ವಿ. ಬಲಗಡೆ 6, ವೈ, ಎಚ್, ಬಿ. ನಿಮ್ಮ ಎಂಟೂ ಅವೇ! ಮಳೆನೀರು ಅಷ್ಟು ಲೆಕ್ಕ ಹಾಕಿ ಬೀಳುವುದಿಲ್ಲ. 5 ಗೆರೆಯ ಬಾಲದಲ್ಲಿ ಒಂದೇ ಒಂದು ಗೆರೆ ತುಂಡಾಗಿದೆ ಅಥವಾ ಆ ಒಂದು ಜಂಪರ್ ಸರಿಯಾಗಿ ಕೂತಿಲ್ಲ.

ಮೊದಲು ಜಂಪರ್ ಬದಲಿಸಿ ನೋಡಿ. ಆಗಲಿಲ್ಲ ಅಂದರೆ ಬಾಲವನ್ನು ಟಾರ್ಚಿಗೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸಾಕೆಟ್ಟಿಗೆ ತೂರುವ ತುದಿಯ ಹತ್ತಿರ, ಬಾಗುವ ಜಾಗದಲ್ಲಿ, ಅಡ್ಡಕ್ಕೆ ಕೂದಲೆಳೆಯಂಥ ಬಿರುಕು ಕಾಣಬೇಕು. ಇಷ್ಟು ವರ್ಷ ಕಳೆದ ಮೇಲೆ ಆ ಪ್ಲಾಸ್ಟಿಕ್ ಒಣಗಿದ ಎಲೆ ಥರ, ಬಾಗಿಸಿದರೆ ಬಿರಿಯುತ್ತದೆ. ಬಿರುಕು ತುದಿಯಲ್ಲೇ ಇದ್ದರೆ ಕತ್ತರಿಯಿಂದ ಅಷ್ಟು ನೇರವಾಗಿ ಕತ್ತರಿಸಿ, ಉಳಿದ ತುದಿಯನ್ನು ಮತ್ತೆ ಸಾಕೆಟ್ಟಿಗೆ ತೂರಿಸಿ. ಒಂದೋ ಎರಡೋ ಸಲ ಹೀಗೆ ಮಾಡುವಷ್ಟು ಉದ್ದ ಇರುತ್ತದೆ.

ಜಂಪರ್ ವೈರ್ ಬೇಡ. ಸತ್ತ ಬೋರ್ಡಿನಲ್ಲಿ ಬಾಲ ಕೂರುವ ಎರಡು ಸಾಕೆಟ್ ಇವೆಯಲ್ಲ, ಅಂಥದ್ದೇ ಹೊಸ ಸಾಕೆಟ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. ಹಳೇ ಬೋರ್ಡಿನದ್ದನ್ನು ಕೀಳಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಗೋಣಿಕೊಪ್ಪದವ:

ನಾನೂ ಒಂದು ಮಾಡಿದ್ದೇನೆ. ಎಚ್‌ಡಿಎಂಐಗೆ ಹಿಂಬದಿ ಕೊರೆಯಬೇಕಾಗುತ್ತದೆ, ಸಣ್ಣ ಅರ ಇಟ್ಟುಕೊಳ್ಳಿ. ಇನ್ನು ಪೈಗೆ ವೋಲ್ಟೇಜ್ ಸಾಲದೆ ಹೋಗಬಾರದು, ಸಣಕಲು ಚಾರ್ಜರ್ ಕೇಬಲ್ ಬಿಟ್ಟು ದಪ್ಪದ್ದು ಹಾಕಿ. 5 ವೋಲ್ಟ್, 2.5 ಆಂಪಿಯರ್ ಬೇಕು.

ಹಳೇಪೆಟ್ಟಿಗೆ, ಮಡಿಕೇರಿ:

ಕೇಬಲ್ ಮಾತು ಸರಿ. ಕೊರೆಯುವುದು ಮಾತ್ರ ಬೇಡ, ದಯವಿಟ್ಟು. ಹಿಂಬದಿಯಲ್ಲಿ ಹಳೇ ಬೋರ್ಡಿನ ಅಂಚು (ಎಡ್ಜ್ ಕನೆಕ್ಟರ್) ಹೊರಬರುವ ಅಗಲದ ಕಿಂಡಿ ಮೊದಲಿನಿಂದಲೂ ತೆರೆದೇ ಇದೆ. ಬೋರ್ಡ್ ತೆಗೆದ ಮೇಲೆ ಅದು ಪೂರ್ತಿ ಖಾಲಿ. ಮಿನಿ ಎಚ್‌ಡಿಎಂಐ ಕೇಬಲ್, ಪವರ್ ಕೇಬಲ್ ಎರಡೂ ಆರಾಮಾಗಿ ಅಲ್ಲಿಂದ ಬರುತ್ತವೆ. ಪೈ ಝೀರೋ 65 ಮಿಲಿಮೀಟರ್ ಉದ್ದ, 30 ಅಗಲ ಅಷ್ಟೇ. ಎಲ್ಲಿ ಬೇಕಾದರೂ ಕೂರುತ್ತದೆ. ಪೆಟ್ಟಿಗೆಗೆ ಒಂದು ಗೀರೂ ಬೀಳದೆ ಕೆಲಸ ಆಗುವಾಗ ದೊಡ್ಡಪ್ಪ ತಂದ ವಸ್ತುವಿಗೆ ಅರ ಯಾಕೆ ಹಚ್ಚಬೇಕು?

ಮೆಣಸುಬಳ್ಳಿ, ಸುಂಟಿಕೊಪ್ಪ:

ಅಣ್ಣಾ, ಸಿಕ್ಕಿತು! ತುದಿಯಿಂದ ಸುಮಾರು 3 ಮಿಲಿಮೀಟರ್ ಒಳಗೆ, ಅಂಚಿನ ಗೆರೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಎಳೆ. ಬೆಳಕಿಗೆ ಹಿಡಿಯದಿದ್ದರೆ ಕಾಣುತ್ತಲೇ ಇರಲಿಲ್ಲ. 5 ಮಿಲಿಮೀಟರ್ ಕತ್ತರಿಸಿ ಹೊಸ ಸಾಕೆಟ್ಟಿಗೆ ಕೂರಿಸಿದೆ. ಈಗ ನಲವತ್ತು ಕೀಯೂ ಬರುತ್ತಿವೆ. ಅಮ್ಮನನ್ನು ಕರೆದು ದೊಡ್ಡಪ್ಪನ ಹೆಸರು ಟೈಪ್ ಮಾಡಿ ತೋರಿಸಿದೆ.

ಒಂದು ಅನುಮಾನ. ಕ್ಯಾಪ್ಸ್ ಶಿಫ್ಟ್, ಝಡ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಎಸ್ ತಾನಾಗಿಯೇ ಬರುತ್ತದೆ. ಇದೂ ಬಿರುಕಾ?

ಹಳೇಪೆಟ್ಟಿಗೆ, ಮಡಿಕೇರಿ:

ಅಲ್ಲ. ಪ್ರತಿ ಕೀಗೂ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇಲ್ಲದ ಕೀಬೋರ್ಡ್ ಎಲ್ಲ ಹೀಗೇ. ಚೌಕದ ಮೂರು ಮೂಲೆ ಒತ್ತಿದರೆ ಕರೆಂಟ್ ಸುತ್ತಿ ಬಂದು ನಾಲ್ಕನೆಯ ಮೂಲೆಯೂ ಒತ್ತಿದಂತೆ ಕಾಣುತ್ತದೆ. 1982ರಲ್ಲಿ ಪೆಟ್ಟಿಗೆಯಿಂದ ಹೊಸದಾಗಿ ತೆಗೆದಾಗಲೂ ಹೀಗೇ ಇತ್ತು. ಕ್ಯೂ, ಎ, ಒ, ಪಿ, ಸ್ಪೇಸ್ ಇಟ್ಟು ಆಡುವ ಆಟಗಳಿಗೆ ತೊಂದರೆ ಆಗುವುದಿಲ್ಲ, ಒ ಮತ್ತು ಪಿ ಒಟ್ಟಿಗೆ ಯಾರೂ ಒತ್ತುವುದಿಲ್ಲವಲ್ಲ. ಹಾಗೇ ಬಿಡಿ.

ಮೆಣಸುಬಳ್ಳಿ, ಸುಂಟಿಕೊಪ್ಪ:

ಮತ್ತೆ ಬಂದೆ, ಕ್ಷಮಿಸಿ. ಒಂದು ತಿಂಗಳು ಚೆನ್ನಾಗಿತ್ತು. ಕಕ್ಕಡದ ಮಳೆ ಹಿಡಿದು ಎಂಟು ದಿನ ಆಯಿತು, ಬಿಸಿಲೇ ಕಂಡಿಲ್ಲ, ಗೋಡೆಯಲ್ಲಿ ಬೆವರು. ಈಗ ಬೆಳಿಗ್ಗೆ ಆನ್ ಮಾಡಿದರೆ ಯಾರೂ ಮುಟ್ಟದೆ ಪರದೆ ತುಂಬ ಪಿ, ಪಿ, ಪಿ ಅಂತ ಓಡುತ್ತದೆ. ಅರ್ಧ ಗಂಟೆ ಬಿಟ್ಟರೆ ನಿಲ್ಲುತ್ತದೆ. ರಾತ್ರಿ ಮತ್ತೆ ಶುರು.

ಗೋಣಿಕೊಪ್ಪದವ:

ಪಿಕೊದ ಪ್ರೋಗ್ರಾಂ ಮತ್ತೆ ಹಾಕಿ ನೋಡಿ.

ಹಳೇಪೆಟ್ಟಿಗೆ, ಮಡಿಕೇರಿ:

ಪ್ರೋಗ್ರಾಂ ತಪ್ಪಿದ್ದರೆ ಬಿಸಿಲಿಗೂ ಮಳೆಗೂ ಒಂದೇ ಥರ ತಪ್ಪಬೇಕಿತ್ತು. ಇದು ನಮ್ಮ ಊರಿನ ಕಾಯಿಲೆ, ತೇವ. ನಮ್ಮ ಮನೆಯಲ್ಲೂ ಆಗಿದೆ.

ನೀವು ಪಿಕೊ ಚಿಪ್ಪಿನ ಒಳಗಿನ ಪುಲ್-ಅಪ್ ರೆಸಿಸ್ಟರ್ ಬಳಸುತ್ತಿದ್ದೀರಿ ಅಲ್ವಾ? ಅದು 50ರಿಂದ 80 ಕಿಲೋ-ಓಮ್, ಬಹಳ ಬಲಹೀನ. ಕೀ ಒತ್ತದೆ ಇದ್ದಾಗ ಗೆರೆಯನ್ನು 3.3 ವೋಲ್ಟಿನಲ್ಲಿ ಹಿಡಿದಿಡುವುದು ಅದರ ಕೆಲಸ. ಮೆಂಬ್ರೇನಿನ ಪದರಗಳ ನಡುವೆ ತೇವ ಸೇರಿದಾಗ ಎರಡು ಗೆರೆಗಳ ನಡುವೆ ಸ್ವಲ್ಪ ಸ್ವಲ್ಪ ಕರೆಂಟ್ ಸೋರುತ್ತದೆ. ಆ ಸೋರಿಕೆ 20 ಕಿಲೋ-ಓಮ್‌ನಷ್ಟಿದ್ದರೂ ಸಾಕು, ಒಳಗಿನ ಪುಲ್-ಅಪ್ ಸೋಲುತ್ತದೆ, ವೋಲ್ಟೇಜ್ ಕೆಳಗಿಳಿಯುತ್ತದೆ, ಪಿಕೊ ಅದನ್ನು ಯಾರೋ ಕೀ ಒತ್ತಿದರು ಅಂತ ಓದುತ್ತದೆ. ಪೈ ಸ್ವಲ್ಪ ಹೊತ್ತು ಓಡಿ ಪೆಟ್ಟಿಗೆ ಬೆಚ್ಚಗಾದ ಮೇಲೆ ತೇವ ಆರುತ್ತದೆ. ನಿಮ್ಮ ಅರ್ಧ ಗಂಟೆಯ ಗುಟ್ಟು ಅದೇ.

5 ಗೆರೆಯ ಕಡೆ ಒಂದೊಂದು ಗೆರೆಗೂ 10 ಕಿಲೋ-ಓಮ್ ರೆಸಿಸ್ಟರ್ ಹಾಕಿ ಪಿಕೊದ 3.3 ವೋಲ್ಟಿಗೆ ಸೇರಿಸಿ. ಐದೇ ಐದು ರೆಸಿಸ್ಟರ್. ಪ್ರೋಗ್ರಾಂ ಆ 5 ಪಿನ್ ಓದುವಂತೆ, 8 ಪಿನ್ ಒಂದೊಂದಾಗಿ ಕೆಳಗೆ ಎಳೆಯುವಂತೆ ಇರಬೇಕು. ಉಲ್ಟಾ ಇದ್ದರೆ ಎಂಟು ರೆಸಿಸ್ಟರ್ ಬೇಕು. 5 ವೋಲ್ಟಿಗೆ ಮಾತ್ರ ಸೇರಿಸಬೇಡಿ, ಪಿಕೊದ ಪಿನ್ 3.3 ವೋಲ್ಟಿನದ್ದು.

ಮಳೆಗಾಲ ಮುಗಿಯುವವರೆಗೆ ಬಳಸದೆ ಇರುವಾಗ ಬಲ್ಬ್ ಹಾಕಿದ ಬೀರುವಿನಲ್ಲಿಡಿ, ಬೂಷ್ಟು ಬಾರದಿರಲಿ ಅಂತ ಸೀರೆ, ಕೋಟು ಇಡುತ್ತೇವಲ್ಲ ಹಾಗೆ. ಹಳೇ ಥರದ ಬಿಸಿಯಾಗುವ ಬಲ್ಬೇ ಆಗಬೇಕು. ಎಲ್‌ಇಡಿ ಅಷ್ಟು ಬಿಸಿ ಕೊಡುವುದಿಲ್ಲ. ಬಲ್ಬಿಗೆ ತೀರಾ ಹತ್ತಿರ ಇಡಬೇಡಿ, ರಬ್ಬರ್ ಗಟ್ಟಿಯಾಗುತ್ತದೆ.

ಇನ್ನು ಸತ್ತ ಬೋರ್ಡಿನ ವಿಷಯ. ಎಲ್ಲಿಟ್ಟಿದ್ದೀರಿ? ಅದನ್ನು ಎಸೆಯಬೇಡಿ, ಬಿಡಿಭಾಗಕ್ಕೆ ಅಂತ ಕೊಡಲೂಬೇಡಿ. ಸ್ಪೆಕ್ಟ್ರಮ್‌ನಲ್ಲಿ ಟಿಆರ್4 ಅನ್ನುವ ಒಂದು ಟ್ರಾನ್ಸಿಸ್ಟರ್ ಹೋಗುವುದು ಬಹಳ ಸಾಮಾನ್ಯ. ಅದು ಹೋದರೆ 12 ವೋಲ್ಟ್, ಮೈನಸ್ 5 ವೋಲ್ಟ್ ಎರಡೂ ತಪ್ಪುತ್ತವೆ. ಕೆಳಗಿನ 16ಕೆ ಮೆಮೊರಿಗೆ ಇರುವ ಎಂಟು 4116 ಚಿಪ್ಪಿಗೆ ಮೂರು ಬೇರೆ ಬೇರೆ ವೋಲ್ಟೇಜ್ ಬೇಕು: 1ನೇ ಪಿನ್ನಿನಲ್ಲಿ ಮೈನಸ್ 5, 8ರಲ್ಲಿ 12, 9ರಲ್ಲಿ 5. ಸರಿಯಾದ ಅಡಾಪ್ಟರ್ ಹಾಕಿ ಈ ಮೂರು ಅಳೆದರೆ ಅರ್ಧ ಕಥೆ ಗೊತ್ತಾಗುತ್ತದೆ. ಪರದೆ, ಕೀಬೋರ್ಡ್ ಎಲ್ಲ ನೋಡಿಕೊಳ್ಳುವ, ಫೆರಾಂಟಿ ಕಂಪನಿ ಮಾಡಿದ ಯುಎಲ್‌ಎ ಚಿಪ್ ಬದುಕಿದ್ದರೆ ಆ ಬೋರ್ಡ್ ಎದ್ದು ಕೂರಬಹುದು. ಪೈ ಹಾಕಿದ್ದು ಒಳ್ಳೆಯದೇ, ಆದರೆ ಅದನ್ನು ಯಾವಾಗ ಬೇಕಾದರೂ ತೆಗೆಯುವಂತೆ ಹಾಕಿ. ಅಂಟು ಬೇಡ.

ಮೆಣಸುಬಳ್ಳಿ, ಸುಂಟಿಕೊಪ್ಪ:

ಐದು ರೆಸಿಸ್ಟರ್ ಹಾಕಿ ನಾಲ್ಕು ದಿನ ಆಯಿತು. ನಿನ್ನೆ ರಾತ್ರಿ ಬೇಕೆಂದೇ ಆನ್ ಮಾಡಿ ಕಿಟಕಿ ಪಕ್ಕ ಇಟ್ಟು ಮಲಗಿದೆ. ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಕರ್ಸರ್ ಇದ್ದಲ್ಲೇ ಮಿನುಗುತ್ತಿತ್ತು, ಒಂದು ಪಿ ಕೂಡ ಬಂದಿರಲಿಲ್ಲ.

ಪೈಗೆ ಹಾಕಿದ್ದ ಅಂಟು ಬಿಡಿಸಿ ಡಬಲ್ ಟೇಪ್ ಹಾಕಿದೆ. ಬೋರ್ಡ್ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇದೆ. ರೋಬಸ್ಟಾ ಕುಯ್ಲು ಮುಗಿದ ಮೇಲೆ ಮಾರ್ಚಿನಲ್ಲಿ ಒಂದು ದಿನ ಅದನ್ನು ಹಿಡಿದುಕೊಂಡು ಮಡಿಕೇರಿಗೆ ಬರಲಾ ಅಣ್ಣಾ? ಸರಿಯಾದ ಅಡಾಪ್ಟರ್ ತರಿಸಿದ್ದೇನೆ, ನಡುವಿನ ಪಿನ್ ಮೈನಸ್ ಇರುವುದು, ಎರಡು ಸಲ ಮೀಟರ್ ಹಿಡಿದು ನೋಡಿದ್ದೇನೆ.

ಹಳೇಪೆಟ್ಟಿಗೆ, ಮಡಿಕೇರಿ:

ಬನ್ನಿ. ಟಿಆರ್4 ನನ್ನ ಹತ್ತಿರ ಇದೆ.