ಹೊಗೆಸೊಪ್ಪು ಹಸಿರಾಗೇ ಒಣಗ್ತಾ ಇದೆ, ಮೂರನೇ ಸಲ! ಯಾರಿಗಾದ್ರೂ ಕಾರಣ ಗೊತ್ತಾ?

ತಾರಸಿ_ರಾಯಚೂರು · ಏಪ್ರಿಲ್ 9, ರಾತ್ರಿ 10:40

ತಲೆ ಕೆಟ್ಟು ಹೋಗಿದೆ. ತಾರಸಿ ಮೇಲೆ 14 ಗಿಡ ಇವೆ, ಅಷ್ಟೂ ಕುಂಡದಲ್ಲಿ. ಎಲೆ ಮೊಣಕೈ ಉದ್ದ ಬಂದಿವೆ. ಕುಡಿ ಚಿವುಟಿದ್ದೇನೆ. ಕಂಕುಳ ಚಿಗುರನ್ನು ವಾರಕ್ಕೆ ಎರಡು ಸಲ ತೆಗೆಯುತ್ತೇನೆ. ಗಿಡದ ಬಗ್ಗೆ ತಕರಾರೇ ಇಲ್ಲ. ಕೆಳಗಿನ ಎಲೆ ಮುರಿದು, ದಾರಕ್ಕೆ ಪೋಣಿಸಿ ನೇತು ಹಾಕಿದರೆ ಎರಡೇ ದಿನಕ್ಕೆ ಹಪ್ಪಳ. ಬಣ್ಣ ಒಣಗಿದ ಕರಿಬೇವಿನ ಥರ, ಹಸಿರಿಗೆ ಹಸಿರು. ಮುಟ್ಟಿದರೆ ಪುಡಿ.

ಇದು ಅವ್ವನಿಗೆ ಬೆಳೆದದ್ದು. ಎಲೆ ಅಡಿಕೆ ಜೊತೆ ಒಂದು ಚೂರು ಹಾಕಿಕೊಂಡು "ಇದೇನು ಹುಲ್ಲು ತಿನ್ನಿಸ್ತೀಯೋ" ಎಂದು ಅಂಗಳಕ್ಕೆ ಉಗಿದಳು. ಮೂರು ಸಲ ಹೀಗೇ ಆಯಿತು. ಏನು ತಪ್ಪು ಮಾಡ್ತಿದ್ದೇನೆ?

ಬೋರ್_ಬಸಣ್ಣ · ಏಪ್ರಿಲ್ 9, ರಾತ್ರಿ 11:05

ನೀರು ಯಾವುದು? ಬೋರಾ?

ತಾರಸಿ_ರಾಯಚೂರು · ರಾತ್ರಿ 11:12

ಹೌದು ಅಣ್ಣ, ಬೋರ್ ನೀರೇ.

ಬೋರ್_ಬಸಣ್ಣ · ರಾತ್ರಿ 11:30

ಅಷ್ಟೇ, ಸಿಕ್ಕಿಬಿತ್ತು ಕಳ್ಳ. ಕ್ಲೋರೈಡ್. ಹೊಗೆಸೊಪ್ಪಿಗೆ ಕ್ಲೋರೈಡ್ ಆಗಿಬರುವುದಿಲ್ಲ. ಉಪ್ಪು ನೀರು ಕುಡಿದ ಎಲೆ ದಪ್ಪ ಆಗಿ ಅಂಚು ಮೇಲಕ್ಕೆ ಮಡಚುತ್ತದೆ, ಬೆಂಕಿ ಹಚ್ಚಿದರೂ ಸರಿಯಾಗಿ ಉರಿಯುವುದಿಲ್ಲ. ನೀರಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ರೀಡಿಂಗ್ ಹಾಕಿ. ಕೆಂಪು ಪೊಟ್ಯಾಷ್ ಹಾಕಿದ್ದೀರಾ? ಅದರಲ್ಲೂ ಕ್ಲೋರೈಡೇ ಇರುವುದು. ತಂಬಾಕಿಗೆ ಸಲ್ಫೇಟ್ ಪೊಟ್ಯಾಷ್ ಮಾತ್ರ. ಮಳೆ ನೀರು ಹಿಡಿದಿಡಿ.

ತಾರಸಿ_ರಾಯಚೂರು · ಏಪ್ರಿಲ್ 10, ಬೆಳಿಗ್ಗೆ 6:50

ರಾಯಚೂರಲ್ಲಿ ಏಪ್ರಿಲ್‌ನಲ್ಲಿ ಮಳೆ ನೀರು ಎಲ್ಲಿಂದ ತರಲಿ ಅಣ್ಣ? ಗೊಬ್ಬರ ಕೊಟ್ಟಿಗೆಯದ್ದು ಮಾತ್ರ. ಎಲೆ ದಪ್ಪ ಏನೂ ಇಲ್ಲ, ಅಂಚೂ ಮಡಚಿಲ್ಲ.

ಸುಮ್ನೆ_ಕೇಳ್ದೆ · ಬೆಳಿಗ್ಗೆ 7:15

ಸುಮ್ನೆ ಕೇಳ್ತಿದ್ದೀನಿ, ತಂಬಾಕು ಮನೇಲಿ ಬೆಳೆಯೋಕೆ ಲೈಸೆನ್ಸ್ ಬೇಡ್ವಾ? ನಮ್ಮ ಮಾವ ಹುಣಸೂರು ಕಡೆ, ಅವರ ಹತ್ತಿರ ತಂಬಾಕು ಮಂಡಳಿಯ ಕಾರ್ಡ್ ಇದೆ.

ಬೋರ್_ಬಸಣ್ಣ · ಬೆಳಿಗ್ಗೆ 7:40

ಬೇಕೇ ಬೇಕು. ಇಲ್ಲಾಂದ್ರೆ ದಂಡ. ಅದಿರಲಿ, ಟಿಡಿಎಸ್ ಎಷ್ಟು?

ಬ್ಯಾರನ್_ಮನೆ · ಬೆಳಿಗ್ಗೆ 9:20

ಬಸಣ್ಣೋರೆ, ಗೊತ್ತಿಲ್ಲದ್ದನ್ನು ಗಟ್ಟಿಯಾಗಿ ಹೇಳಬೇಡಿ. 1975ರ ತಂಬಾಕು ಮಂಡಳಿ ಕಾಯ್ದೆಯಲ್ಲಿ ಬೆಳೆಗಾರರು ನೋಂದಣಿ ಮಾಡಿಸಬೇಕಾದದ್ದು ವರ್ಜೀನಿಯಾ ತಂಬಾಕಿಗೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ನಾವು ಬೆಳೆಯುವುದು ಅದು, ಹರಾಜು ಕಟ್ಟೆಗೆ ಹೋಗುವಂಥದ್ದು. ಬೀಡಿ ತಂಬಾಕು, ಎಲೆ ಅಡಿಕೆಗೆ ಹಾಕುವ ತಂಬಾಕಿಗೆ ಆ ನೋಂದಣಿ ಇಲ್ಲ.

ಇನ್ನು ಕ್ಲೋರೈಡ್. ಅದು ಜಾಸ್ತಿ ಆದ ಎಲೆ ಗಾಳಿಯಲ್ಲಿರುವ ನೀರನ್ನು ಎಳೆದುಕೊಂಡು ಸದಾ ತೊಯ್ದ ಹಾಗೆ ಮೆತ್ತಗಿರುತ್ತದೆ. ಇವರ ಎಲೆ ಹಪ್ಪಳ ಆಗ್ತಿದೆ. ಎರಡೂ ತಾಳೆ ಆಗಲ್ಲ, ಅಲ್ವಾ?

ತಾರಸಿಯವರೇ, ತಳಿ ಯಾವುದು? ಎಲ್ಲಿ ನೇತು ಹಾಕ್ತೀರಿ?

ಬೋರ್_ಬಸಣ್ಣ · ಬೆಳಿಗ್ಗೆ 9:45

ಬ್ಯಾರನ್‌ನಲ್ಲಿ ಸೌದೆ ಸುಟ್ಟು ಎಲೆ ಒಣಗಿಸುವವರಿಗೆ ಕುಂಡದ ಕಷ್ಟ ಗೊತ್ತಾಗಲ್ಲ ಬಿಡಿ. ಹೊಲದಲ್ಲಿ ಉಪ್ಪು ಕೆಳಗಿಳಿಯುತ್ತದೆ. ಕುಂಡದಲ್ಲಿ ಅಲ್ಲೇ ಕೂರುತ್ತದೆ. ನನ್ನ ದಾಳಿಂಬೆ ಕುಂಡದ ಅಂಚಿಗೆ ಬಿಳಿ ಉಪ್ಪು ಬೆರಳಲ್ಲಿ ಕೆರೆಯುವಷ್ಟಿತ್ತು. ಫೋಟೋ ಹಾಕ್ತೀನಿ, ನೋಡಿ.

ತಾರಸಿ_ರಾಯಚೂರು · ಮಧ್ಯಾಹ್ನ 1:30

ಬೀಜ ನಿಪ್ಪಾಣಿಯದ್ದು. ಅಕ್ಕನ ಅತ್ತೆ ಮನೆಯವರು ಚೀಟಿಯಲ್ಲಿ ಒಂದು ಚಿಟಿಕೆ ಕಟ್ಟಿ ಕೊಟ್ಟರು. ಒಂದು ಚಿಟಿಕೆ ಅಂದರೆ ಸಾವಿರಾರು ಬೀಜ, ರಾಗಿಗಿಂತ ಎಷ್ಟೋ ಸಣ್ಣ. ಡಿಸೆಂಬರ್‌ನಲ್ಲಿ ಹಾಕಿದೆ, ಜನವರಿ ಕೊನೆಗೆ ಕುಂಡಕ್ಕೆ ನಾಟಿ. ನೇತು ಹಾಕುವುದು ತಾರಸಿಯ ತಗಡಿನ ಕೋಣೆಯಲ್ಲಿ. ಅಲ್ಲಿ ಬಿಸಿಲು ಬೀಳುವುದಿಲ್ಲ, ನೆರಳೇ. ಟೇಬಲ್ ಫ್ಯಾನೂ ಹಾಕಿರ್ತೀನಿ, ಬೂಷ್ಟು ಬರಬಾರದು ಅಂತ.

ಬ್ಯಾರನ್_ಮನೆ · ಮಧ್ಯಾಹ್ನ 1:42

ಫ್ಯಾನ್!! ಮೊದಲೇ ಹೇಳಬಾರದಿತ್ತಾ?

ತಾರಸಿ_ರಾಯಚೂರು · ಮಧ್ಯಾಹ್ನ 1:50

ಎಲ್ಲರೂ ಫ್ಯಾನ್ ಹಾಕಲ್ವಾ? ಶ್ಯಾವಿಗೆ, ಸಂಡಿಗೆ ಎಲ್ಲ ಹಾಗೇ ಒಣಗಿಸುವುದು ನಮ್ಮಲ್ಲಿ.

ಬ್ಯಾರನ್_ಮನೆ · ಮಧ್ಯಾಹ್ನ 2:25

ಸಂಡಿಗೆ ಒಣಗಿದರೆ ಕೆಲಸ ಮುಗಿಯಿತು. ಹೊಗೆಸೊಪ್ಪು ಹದ ಆಗಬೇಕು. ಮುರಿದ ಎಲೆಗೆ ಇನ್ನೂ ಜೀವ ಇರುತ್ತದೆ. ಆ ಜೀವ ಇರುವಷ್ಟು ದಿನದಲ್ಲೇ ಹಸಿರು ಕರಗಿ ಹಳದಿ ಆಗಬೇಕು. ಒಳಗಿನ ಗಂಜಿ ಸಕ್ಕರೆ ಆಗುವುದೂ ಆಗಲೇ. ಅಷ್ಟರೊಳಗೆ ನೀರು ಆರಿಹೋದರೆ ಎಲೆ ಸಾಯುತ್ತದೆ, ಹಸಿರು ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ನೀವು ಏನು ಮಾಡಿದರೂ ಬಿಡುವುದಿಲ್ಲ.

ನಮ್ಮ ಬ್ಯಾರನ್‌ನಲ್ಲಿ ಮೊದಲ ದಿನ ಬೆಂಕಿ ಹೆಚ್ಚಿಸುವುದೇ ಇಲ್ಲ. 35ರಿಂದ 38 ಡಿಗ್ರಿ ಅಷ್ಟೇ, ಕಿಟಕಿ ಎಲ್ಲ ಮುಚ್ಚಿ ಎಲೆಯ ತೇವ ಒಳಗೇ ನಿಲ್ಲಿಸುತ್ತೇವೆ. ತೇವ ಕಡಿಮೆ ಅನ್ನಿಸಿದರೆ ನೆಲಕ್ಕೆ ನೀರು ಹಾಕುತ್ತೇವೆ. ಎಲೆ ಹಳದಿ ತಿರುಗಿದ ಮೇಲೆ ಮಾತ್ರ ಶಾಖ ಏರಿಸುವುದು. ಅಪ್ಪ ರಾತ್ರಿ ಎರಡು ಸಲ ಎದ್ದು ಬ್ಯಾಟರಿ ಹಿಡಿದು ಎಲೆ ಬಣ್ಣ ನೋಡುತ್ತಾರೆ. ಬ್ಯಾರನ್ ನಮ್ಮೂರಲ್ಲಿ ಮೊದಲು ಕಟ್ಟಿಸಿದ್ದೇ ನಮ್ಮ ತಾತ, ಈಗ ಎರಡಿದೆ...

ಬೋರ್_ಬಸಣ್ಣ · ಮಧ್ಯಾಹ್ನ 2:40

ಈಗ ಬ್ಯಾರನ್ ಕಥೆ ಶುರು ಆಯ್ತು.

ಗಡಿ_ಹುಡುಗ · ಸಂಜೆ 6:10

ನಾನು ನಿಪ್ಪಾಣಿ ಕಡೆಯವ. ಬ್ಯಾರನ್ ಲೆಕ್ಕ ಇವರಿಗೆ ಹಚ್ಚಬೇಡಿ, ಇದು ಬೀಡಿ ತಂಬಾಕು. ನಮ್ಮಲ್ಲಿ ಬೆಂಕಿ ಹಾಕುವುದೇ ಇಲ್ಲ, ಹೊಲದಲ್ಲೇ ಬಿಸಿಲಿಗೆ ಒಣಗಿಸುತ್ತಾರೆ. ಎಲೆ ಮೇಲೆ ಕಂದು ಚುಕ್ಕೆ ಬಿದ್ದಿದ್ದರೆ ಮಾತ್ರ ಮುರಿಯುವುದು. ನಿಮ್ಮ ಎಲೆಗೆ ಚುಕ್ಕೆ ಬಿದ್ದಿತ್ತಾ?

ತಾರಸಿ_ರಾಯಚೂರು · ಸಂಜೆ 6:30

ಚುಕ್ಕೆ ಇರಲಿಲ್ಲ. ಸ್ವಲ್ಪ ತಿಳಿ ಹಸಿರಾಗಿತ್ತು, ಮುರಿದೆ. ಮತ್ತೆ ನಿಮ್ಮಲ್ಲಿ ಬಿಸಿಲಿಗೇ ಹಾಕಿದರೂ ಸರಿ ಬರುತ್ತದೆ ಅಂದರೆ ನಂದು ನೆರಳಲ್ಲೂ ಯಾಕೆ ಕೆಡ್ತಿದೆ?

ಗಡಿ_ಹುಡುಗ · ಸಂಜೆ 6:55

ನಮ್ಮದು ಆಗಸ್ಟ್-ಸೆಪ್ಟೆಂಬರ್ ನಾಟಿ, ಕಟಾವು ಜನವರಿ-ಫೆಬ್ರವರಿ. ಆ ತಿಂಗಳಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ. ಹಗಲೆಲ್ಲ ಒಣಗಿದ ಎಲೆ ಬೆಳಗಿನ ಜಾವ ಮತ್ತೆ ಮೆತ್ತಗಾಗುತ್ತದೆ. ಅಜ್ಜ ನಾಲ್ಕು ಗಂಟೆಗೇ ಎಬ್ಬಿಸುತ್ತಿದ್ದ. ಕಂಬಳಿ ಹೊದ್ದು ಹೊಲಕ್ಕೆ ಹೋದರೆ ಎಲೆ ಒದ್ದೆ ಬಟ್ಟೆ ಹಿಡಿದ ಹಾಗೆ ಕೈಗೆ ಬರುತ್ತಿತ್ತು. ಅವಾಗಲೇ ತಿರುವಬೇಕು, ಅವಾಗಲೇ ಕೂಡಿಸಬೇಕು. ಬಿಸಿಲೇರಿದ ಮೇಲೆ ಕೈ ಹಾಕಿದರೆ ಅರ್ಧ ಪುಡಿ, ಅಜ್ಜನ ಬೈಗುಳ ಬೇರೆ.

ನಿಮಗೆ ಏಪ್ರಿಲ್‌ನಲ್ಲಿ ಇಬ್ಬನಿ ಎಲ್ಲಿ ಬರಬೇಕು? ನೆರಳು ಇದ್ದರೂ ಗಾಳಿ ಒಣ. ತಗಡು ಮೇಲೆ, ಫ್ಯಾನ್ ಕೆಳಗೆ.

ತಾರಸಿ_ರಾಯಚೂರು · ಏಪ್ರಿಲ್ 11, ಮಧ್ಯಾಹ್ನ 3:15

ಗೆಳೆಯನ ಹತ್ತಿರ ತೇವಾಂಶ ತೋರಿಸುವ ಸಣ್ಣ ಮೀಟರ್ ಇತ್ತು, ತಂದು ಇಟ್ಟೆ. ತಗಡಿನ ಕೋಣೆ: 43 ಡಿಗ್ರಿ, ತೇವಾಂಶ ಶೇಕಡಾ 16. ಕೆಳಗೆ ದೇವರ ಮನೆ ಪಕ್ಕದ ಕತ್ತಲೆ ಕೋಣೆ: 34 ಡಿಗ್ರಿ, 29.

ಬ್ಯಾರನ್_ಮನೆ · ಸಂಜೆ 4:00

16ರಲ್ಲಿ ಎಲೆ ಏನು, ಮನುಷ್ಯನೇ ಒಣಗುತ್ತಾನೆ. ನೆರಳಲ್ಲಿ ಹದ ಮಾಡಲು 65ರಿಂದ 75ರ ಆಸುಪಾಸು ಬೇಕು. ಕತ್ತಲೆ ಕೋಣೆಗೆ ಇಳಿಸಿ, ಫ್ಯಾನ್ ಮರೆತುಬಿಡಿ. ಮೊದಲು ನೇತು ಹಾಕಲೇಬೇಡಿ. 20 ಎಲೆ ಒಂದರ ಮೇಲೊಂದು ಪೇರಿಸಿ, ಒದ್ದೆ ಮಾಡಿ ಹಿಂಡಿದ ಗೋಣಿತಟ್ಟಿನಲ್ಲಿ ಸುತ್ತಿಡಿ. ದಿನಕ್ಕೆ ಒಂದು ಸಲ ಬಿಚ್ಚಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ. ಒಳಗೆ ಕೈ ಇಟ್ಟಾಗ ಬಿಸಿ ತಾಗಿದರೆ ಬಿಡಿಸಿ ಆರಲು ಬಿಡಿ. ಹಳದಿ ಆದ ಮೇಲೆ ಪೋಣಿಸಿ.

ಗಡಿ_ಹುಡುಗ · ಸಂಜೆ 4:20

ಚುಕ್ಕೆ ಬೀಳುವ ತನಕ ಮುರಿಯಬೇಡಿ, ಅದನ್ನೂ ಸೇರಿಸಿ. ಹಸಿ ಎಲೆ ಒದ್ದೆ ಇರುವಾಗ ಬರಿಗೈಯಲ್ಲಿ ಮುಟ್ಟಬೇಡಿ, ನಿಕೋಟಿನ್ ಚರ್ಮದಿಂದ ಒಳಗೆ ಹೋಗುತ್ತದೆ. ಚಿಕ್ಕವನಿದ್ದಾಗ ಇಬ್ಬನಿಯಲ್ಲಿ ಎಲೆ ಹೊತ್ತು ತಲೆ ಸುತ್ತಿ ವಾಂತಿ ಮಾಡಿಕೊಂಡವನು ನಾನು.

ಸುಮ್ನೆ_ಕೇಳ್ದೆ · ಸಂಜೆ 5:05

ಅವ್ವನಿಗೆ ತಂಬಾಕು ಬಿಡಿಸೋದು ಬಿಟ್ಟು ಬೆಳೆದು ಕೊಡ್ತಿದ್ದೀರಲ್ಲ ಸಾರ್. ಬಾಯಿ ಕ್ಯಾನ್ಸರ್ ಬರುತ್ತೆ ಅಂತ ಗೊತ್ತಿಲ್ವಾ?

ತಾರಸಿ_ರಾಯಚೂರು · ಸಂಜೆ 5:30

ಗೊತ್ತು. 74 ವರ್ಷ ಅವಳಿಗೆ. ಡಾಕ್ಟರೂ ಹೇಳಿದರು, ನಾನೂ ಹೇಳಿ ಸಾಕಾದೆ. "ನೀನು ಹುಟ್ಟೋಕೆ ಮುಂಚಿನ ಚಟ" ಅನ್ನುತ್ತಾಳೆ. ಅದು ನಮ್ಮ ಮನೆ ಜಗಳ, ಇಲ್ಲಿ ಬೇಡ.

ತಾರಸಿ_ರಾಯಚೂರು · ಏಪ್ರಿಲ್ 19, ರಾತ್ರಿ 9:15

ನಾಲ್ಕನೇ ಸಲ. ಚುಕ್ಕೆ ಬಿದ್ದ 18 ಎಲೆ ಮಾತ್ರ ಮುರಿದೆ. ಗೋಣಿತಟ್ಟಲ್ಲಿ ನಾಲ್ಕು ದಿನ. ಮೂರನೇ ದಿನ ಬಿಚ್ಚಿದಾಗ ಅಂಚಿನಿಂದ ಹಳದಿ ಹತ್ತುತ್ತಾ ಬಂದಿತ್ತು, ನರದ ಪಕ್ಕ ಮಾತ್ರ ಹಸಿರು ಗೆರೆ. ವಾಸನೆಯೂ ಬದಲಾಗಿದೆ, ಹುಲ್ಲಿನ ವಾಸನೆ ಹೋಗಿ ಒಣ ಮೇವಿನ ಥರ. ಐದನೇ ದಿನ ಪೋಣಿಸಿ ಕತ್ತಲೆ ಕೋಣೆಯಲ್ಲಿ ಕಟ್ಟಿದೆ, ಕೆಳಗೆ ಬಕೆಟ್ ನೀರು, ಬಾಗಿಲಿಗೆ ಒದ್ದೆ ಚಾದರ. ಈಗ 11 ಎಲೆ ಕಂದು ಬಂದಿವೆ. ನಾಲ್ಕಕ್ಕೆ ನಡುದಂಟಿನ ಬುಡದಲ್ಲಿ ಬೂಷ್ಟು, ಎಸೆದೆ. ಮೂರು ಇನ್ನೂ ಅರೆಬರೆ.

ಫ್ರಿಜ್_ಪ್ರಯೋಗ · ರಾತ್ರಿ 9:50

ಬಕೆಟ್, ಚಾದರ ಎಲ್ಲ ಯಾಕೆ? ನಾನು ಕೆಟ್ಟ ಹಳೇ ಫ್ರಿಜ್ ಗುಜರಿಯಿಂದ ತಂದೆ. ಒಳಗೆ 40 ವ್ಯಾಟ್ ಬಲ್ಬ್, ಕೋಳಿಮರಿ ಮಾಡುವ ಪೆಟ್ಟಿಗೆಯ ಕಂಟ್ರೋಲರ್, ಸಣ್ಣ ಮಂಜಿನ ಯಂತ್ರ. ತೇವಾಂಶ 70ಕ್ಕೆ ಸೆಟ್ ಮಾಡಿದರೆ 70ಕ್ಕೇ ನಿಲ್ಲುತ್ತದೆ. ಮೊಬೈಲಲ್ಲೇ ಗ್ರಾಫ್ ಬರುತ್ತದೆ. ಬಾಗಿಲಿನ ರಬ್ಬರ್ ಕೂಡ ಹೊಸದು.

ಬ್ಯಾರನ್_ಮನೆ · ರಾತ್ರಿ 10:05

ಇದರಲ್ಲಿ ಎಷ್ಟು ಎಲೆ ಹಿಡಿಯುತ್ತದೆ?

ಫ್ರಿಜ್_ಪ್ರಯೋಗ · ರಾತ್ರಿ 10:10

ಇನ್ನೂ ಎಲೆ ಹಾಕಿಲ್ಲ. ಸದ್ಯಕ್ಕೆ ಮೊಸರು ಹೆಪ್ಪು ಹಾಕ್ತಿದ್ದೀನಿ. ಚಳಿಗಾಲದಲ್ಲೂ ಸೂಪರ್ ಬರುತ್ತೆ. ಕಂಟ್ರೋಲರ್ ವೈರಿಂಗ್ ಬೇಕಾದರೆ ಬೇರೆ ಥ್ರೆಡ್ ಮಾಡ್ತೀನಿ.

ಗಡಿ_ಹುಡುಗ · ರಾತ್ರಿ 10:20

ಮಾಡಿ ಮಾಡಿ, ಇಡ್ಲಿ ಹಿಟ್ಟಿಗೂ ಆಗುತ್ತಾ?

ತಾರಸಿ_ರಾಯಚೂರು · ರಾತ್ರಿ 10:30

ಒಂದು ನಿಮಿಷ. ಆ 11 ಎಲೆಗೆ ನಡುದಂಟು ಇನ್ನೂ ಬಗ್ಗುತ್ತದೆ, ಮುರಿಯುವುದಿಲ್ಲ. ಈಗ ಮತ್ತೆ ಮೇಲಿನ ತಗಡಿನ ಕೋಣೆಗೆ ಹಾಕಲಾ, ಇಲ್ಲೇ ಬಿಡಲಾ? ಅವ್ವ ದಿನಾ ಬಾಗಿಲ ಚಾದರ ಸರಿಸಿ ನೋಡ್ತಿದ್ದಾಳೆ.

ಬೋರ್_ಬಸಣ್ಣ · ಏಪ್ರಿಲ್ 20, ಬೆಳಿಗ್ಗೆ 6:05

ಟಿಡಿಎಸ್ ಎಷ್ಟು ಅಂತ ನೀವು ಇನ್ನೂ ಹೇಳಲೇ ಇಲ್ಲ.